ಫಿಶರ್–ತಾಲ್, ಲೈಪ್‌ಜಿಗ್ 1960: ಇಪ್ಪತ್ತೊಂದು ನಡೆಗಳ ಬಿರುಸಿನ ಡ್ರಾ

1960ರಲ್ಲಿ, ಆಗಿನ ಪೂರ್ವ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ನಡೆದ 14ನೆಯ ಚೆಸ್ ಒಲಿಂಪಿಯಾಡ್‌ನಲ್ಲಿ ಅಮೆರಿಕದ ಬಾಬಿ ಫಿಶರ್ ಮತ್ತು ಸೋವಿಯತ್ ಒಕ್ಕೂಟದ ಮಿಖಾಯಿಲ್ ತಾಲ್ ಎದುರುಬದುರಾಗಿ ಕುಳಿತರು. ಫಿಶರ್‌ಗೆ ಬಿಳಿ ಕಾಯಿ, ತಾಲ್‌ಗೆ ಕಪ್ಪು. ಆಟ 21 ನಡೆಗಳಲ್ಲಿ ಮುಗಿಯಿತು, ಫಲಿತಾಂಶ ಡ್ರಾ. ಅಂಕಪಟ್ಟಿಯಲ್ಲಿ ತಲಾ ಅರ್ಧ ಅಂಕ.

ಅಂಕಪಟ್ಟಿಯನ್ನಷ್ಟೇ ನೋಡಿದವರು ಇಬ್ಬರೂ ಬೇಗ ಕೈಕುಲುಕಿ ಎದ್ದುಹೋದರು ಎಂದುಕೊಳ್ಳಬಹುದು. ಮಣೆಯ ಮೇಲೆ ಆದದ್ದೇ ಬೇರೆ. ಕೊನೆಯ ಎಂಟು ನಡೆಗಳಲ್ಲಿ ಇಬ್ಬರೂ ಒಬ್ಬರ ಕಾಯಿಯನ್ನು ಒಬ್ಬರು ಬಿಡದೆ ಹೊಡೆದರು. ಎಲ್ಲಿ ಒಂದು ನಡೆ ತಪ್ಪಿದ್ದರೂ ಯಾರಾದರೊಬ್ಬರು ಸೋಲುತ್ತಿದ್ದರು. ಇಬ್ಬರೂ ತಪ್ಪಲಿಲ್ಲ, ಆದ್ದರಿಂದಲೇ ಆಟ ಸಮವಾಯಿತು. ಡ್ರಾ ಎಂದರೆ ಜಗಳವಾಡದೆ ರಾಜಿಯಾಗುವುದು ಎಂದು ತಿಳಿದವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಕಡಿಮೆ.

ಮೊದಲು ಕಾಯಿಗಳ ಹೆಸರು

ರಾಜ್ಯೋತ್ಸವದ ಹೊತ್ತಿಗೆ ಗಡಿಯಾಚೆಯ ನಮ್ಮ ಊರುಗಳಲ್ಲಿ ಚದುರಂಗ ಸ್ಪರ್ಧೆ ಇಟ್ಟವರಿಗೆ ಒಂದು ಗೊಂದಲ ಗೊತ್ತಿರುತ್ತದೆ. ಒಂದೇ ಹೆಸರು ಊರಿಂದ ಊರಿಗೆ ಬೇರೆ ಕಾಯಿಯ ಮೇಲೆ ಹೋಗಿ ಕೂರುತ್ತದೆ. ಕನ್ನಡದಲ್ಲಿ ಬಹುಮಂದಿ ಮೂಲೆಯ ಕಾಯಿಗೆ ಆನೆ ಎನ್ನುತ್ತೇವೆ, ಓರೆಯಾಗಿ ನಡೆಯುವುದಕ್ಕೆ ಒಂಟೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯವರಿಗೆ ಇದರಲ್ಲಿ ತೊಂದರೆಯಿಲ್ಲ, ಮರಾಠಿಯಲ್ಲೂ ಅವು ಹತ್ತಿ ಮತ್ತು ಉಂಟ. ಅಲ್ಲಿ ರಾಣಿ ಮಾತ್ರ ವಜೀರ. ಕಾಸರಗೋಡಿನಲ್ಲಿ ಮಲಯಾಳ ಶಾಲೆಯಲ್ಲಿ ಆಟ ಕಲಿತ ಮಗುವಿಗೆ ಮೂಲೆಯ ಕಾಯಿ ತೇರು, ಓರೆಯಾಗಿ ನಡೆಯುವುದೇ ಆನೆ. ಹೊಸೂರು, ತಾಳವಾಡಿಯ ತಮಿಳಿನಲ್ಲಿ ಓರೆ ಕಾಯಿಗೆ ಮಂತ್ರಿ ಎನ್ನುವುದು ರೂಢಿ. ನಮ್ಮಲ್ಲಿ ಮಂತ್ರಿ ಎಂದರೆ ರಾಜನ ಪಕ್ಕದ ದೊಡ್ಡ ಕಾಯಿ. ಆದೋನಿ, ರಾಯದುರ್ಗ, ಮಡಕಶಿರಾ ಕಡೆಯ ತೆಲುಗಿನಲ್ಲಿ ಓರೆ ಕಾಯಿ ಶಕಟು, ಮೂಲೆಯದು ಏನುಗು, ಅಂದರೆ ಆನೆಯೇ.

ಆದ್ದರಿಂದ ಈ ಲೇಖನಕ್ಕೆ ಮಟ್ಟಿಗೆ ಹೀಗೆ ಗೊತ್ತುಮಾಡಿಕೊಳ್ಳೋಣ. ಮೂಲೆಯಲ್ಲಿ ನಿಂತು ನೇರವಾಗಿ ನಡೆಯುವುದು ಆನೆ. ಓರೆಯಾಗಿ ನಡೆಯುವುದು ಒಂಟೆ. ನೆಗೆಯುವುದು ಕುದುರೆ. ಎಲ್ಲ ದಿಕ್ಕಿಗೂ ಓಡುವುದು ರಾಣಿ. ಸಣ್ಣ ಕಾಯಿ ಕಾಲಾಳು. ಮಂತ್ರಿ ಎಂಬ ಮಾತನ್ನು ಇಲ್ಲಿ ಬಳಸಿಲ್ಲ.

ಮನೆಗಳ ಗುರುತು ಎಲ್ಲ ಕಡೆಯದೇ. ಬಿಳಿಯವರ ಎಡದಿಂದ ಬಲಕ್ಕೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂಬ ಎಂಟು ಕಂಬಸಾಲು. ಕೆಳಗಿನಿಂದ ಮೇಲಕ್ಕೆ 1ರಿಂದ 8ರವರೆಗೆ ಅಡ್ಡಸಾಲು. ಬಿಳಿ ರಾಜ ಮೊದಲು ನಿಲ್ಲುವ ಮನೆ ಇ1, ಕಪ್ಪು ರಾಜನದು ಇ8.

ಇಬ್ಬರು ಆಟಗಾರರು

ಮಿಖಾಯಿಲ್ ತಾಲ್ ಹುಟ್ಟಿದ್ದು 1936ರ ನವೆಂಬರ್ 9ರಂದು, ಲಾಟ್ವಿಯಾದ ರೀಗಾದಲ್ಲಿ. ಕಾಯಿಗಳನ್ನು ಧಾರಾಳವಾಗಿ ಬಲಿಕೊಟ್ಟು, ಎದುರಾಳಿಯನ್ನು ಲೆಕ್ಕ ಸಿಗದ ಕಾಡಿಗೆ ಎಳೆದುಕೊಂಡು ಹೋಗಿ ಅಲ್ಲಿ ಕೆಡಹುವುದು ಅವರ ರೀತಿ. 1960ರ ಮೇ ತಿಂಗಳಲ್ಲಿ ಮಾಸ್ಕೋದಲ್ಲಿ ಮಿಖಾಯಿಲ್ ಬೋತ್ವಿನ್ನಿಕ್ ಅವರನ್ನು 12½–8½ರಿಂದ ಸೋಲಿಸಿ 23ರ ವಯಸ್ಸಿನಲ್ಲಿ ವಿಶ್ವ ಚಾಂಪಿಯನ್ ಆದರು. ಅಲ್ಲಿಯವರೆಗೆ ಅಷ್ಟು ಚಿಕ್ಕ ವಯಸ್ಸಿನ ಚಾಂಪಿಯನ್ ಇರಲಿಲ್ಲ. ಆ ದಾಖಲೆಯನ್ನು 1985ರಲ್ಲಿ 22ರ ಗ್ಯಾರಿ ಕಾಸ್ಪರೋವ್ ಮುರಿದರು. ಕಾಸ್ಪರೋವ್ ದಾಖಲೆಯನ್ನು 2024ರಲ್ಲಿ ಚೆನ್ನೈನ 18ರ ಗುಕೇಶ್ ಮುರಿದರು.

ಬಾಬಿ ಫಿಶರ್ ಹುಟ್ಟಿದ್ದು 1943ರ ಮಾರ್ಚ್ 9ರಂದು. 14ನೆಯ ವಯಸ್ಸಿಗೇ ಅಮೆರಿಕದ ಚಾಂಪಿಯನ್, 15ಕ್ಕೆ ಗ್ರ್ಯಾಂಡ್‌ಮಾಸ್ಟರ್. ಲೈಪ್‌ಜಿಗ್‌ಗೆ ಬಂದಾಗ ಅವರಿಗೆ 17 ವರ್ಷ, ಆಗಲೇ ಅಮೆರಿಕ ತಂಡದ ಮೊದಲ ಮಣೆಯ ಆಟಗಾರ.

ಇಬ್ಬರ ನಡುವೆ ಒಂದು ಹಳೆಯ ಲೆಕ್ಕವಿತ್ತು. 1958ರ ಪೋರ್ಟೊರೋಜ್ ಮತ್ತು 1959ರ ಜ್ಯೂರಿಚ್ ಆಟಗಳು ಡ್ರಾ ಆಗಿದ್ದವು. ಆದರೆ 1959ರ ಶರತ್ಕಾಲದಲ್ಲಿ ಯುಗೊಸ್ಲಾವಿಯಾದಲ್ಲಿ ನಡೆದ ಕ್ಯಾಂಡಿಡೇಟ್ಸ್ ಪಂದ್ಯಾವಳಿಯಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರೊಂದಿಗೆ ನಾಲ್ಕು ಬಾರಿ ಆಡಬೇಕಿತ್ತು. ತಾಲ್ ನಾಲ್ಕಕ್ಕೆ ನಾಲ್ಕನ್ನೂ ಫಿಶರ್ ಮೇಲೆ ಗೆದ್ದರು. ತಾಲ್ ಮೊದಲ ಸ್ಥಾನ ಪಡೆದು ಬೋತ್ವಿನ್ನಿಕ್‌ಗೆ ಸವಾಲು ಹಾಕುವ ಹಕ್ಕು ಗಳಿಸಿದರು. 16ರ ಫಿಶರ್ ಐದನೆಯ ಸ್ಥಾನವನ್ನು ಹಂಚಿಕೊಂಡರು. ಒಬ್ಬನೇ ಎದುರಾಳಿಗೆ ಸಾಲಾಗಿ ನಾಲ್ಕು ಸೋಲು ಎಂದರೆ ಯಾವ ಆಟಗಾರನಿಗೂ ನುಂಗಲಾರದ ತುತ್ತು. ಮುಂದಿನ ವರ್ಷ ಅದೇ ಎದುರಾಳಿ ವಿಶ್ವ ಚಾಂಪಿಯನ್ ಆಗಿ ಮುಂದೆ ಬಂದು ಕುಳಿತಾಗ ಫಿಶರ್‌ಗೆ ಎರಡು ದಾರಿ ಇದ್ದವು. ಎಚ್ಚರಿಕೆಯಿಂದ, ಗೋಡೆ ಕಟ್ಟಿಕೊಂಡು ಆಡುವುದು ಒಂದು. ತಾಲ್‌ಗೆ ಇಷ್ಟವಾದ ಕಾಡಿಗೇ ತಾವೂ ನುಗ್ಗುವುದು ಇನ್ನೊಂದು. ಫಿಶರ್ ಎರಡನೆಯದನ್ನು ಆರಿಸಿಕೊಂಡರು.

ಲೈಪ್‌ಜಿಗ್ ಒಲಿಂಪಿಯಾಡ್

ಚೆಸ್ ಒಲಿಂಪಿಯಾಡ್ ದೇಶಗಳ ತಂಡಗಳ ಪಂದ್ಯಾವಳಿ. ಒಂದು ಸುತ್ತಿನಲ್ಲಿ ಎರಡು ದೇಶಗಳ ನಾಲ್ವರು ನಾಲ್ಕು ಮಣೆಗಳಲ್ಲಿ ಆಡುತ್ತಾರೆ. ಪ್ರತಿ ಮಣೆಯ ಅಂಕವೂ ತಂಡದ ಮೊತ್ತಕ್ಕೆ ಸೇರುತ್ತದೆ. ಹಾಗಾಗಿ ಒಬ್ಬರ ಅರ್ಧ ಅಂಕವೂ ನಾಲ್ವರದ್ದು. ಭಾರತದ ತಂಡವೂ ಲೈಪ್‌ಜಿಗ್‌ಗೆ ಹೋಗಿತ್ತು. ಮುಂದಿನ ವರ್ಷ ದೇಶದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಎನಿಸಿದ ಮ್ಯಾನುಯಲ್ ಆರನ್ ಅದರ ಮೊದಲ ಮಣೆಯಲ್ಲಿದ್ದರು.

ಅಂತಿಮ ಹಂತದಲ್ಲಿ ಸೋವಿಯತ್ ಒಕ್ಕೂಟ ಮತ್ತು ಅಮೆರಿಕ ಎದುರಾದವು. ಶೀತಲ ಸಮರದ ದಿನಗಳು, ಈ ಸುತ್ತಿನ ಮೇಲೆ ಎಲ್ಲರ ಕಣ್ಣೂ ಇತ್ತು. ಕೊನೆಗೆ ಸೋವಿಯತ್ ತಂಡ ಚಿನ್ನ, ಅಮೆರಿಕ ಬೆಳ್ಳಿ ಪಡೆದವು. ಎರಡು ತಂಡಗಳ ಮೊದಲ ಮಣೆಯ ಆಟವೇ ನಾವು ನೋಡುತ್ತಿರುವುದು.

ಆಟದ ದಾಖಲೆ

ಗುರುತುಗಳು: ರಾ = ರಾಜ, ರಾಣಿ = ರಾಣಿ, ಆ = ಆನೆ, ಒಂ = ಒಂಟೆ, ಕು = ಕುದುರೆ. ಕಾಯಿಯ ಹೆಸರಿಲ್ಲದಿದ್ದರೆ ಕಾಲಾಳು. × ಎಂದರೆ ಹೊಡೆತ, + ಎಂದರೆ ಚೆಕ್. 0-0 ರಾಜನ ಬದಿಯ ಕ್ಯಾಸಲಿಂಗ್, 0-0-0 ರಾಣಿಯ ಬದಿಯದು.

ಬಿಳಿ: ಫಿಶರ್. ಕಪ್ಪು: ತಾಲ್.

1. ಇ4 ಇ6
2. ಡಿ4 ಡಿ5
3. ಕು ಸಿ3, ಒಂ ಬಿ4
4. ಇ5 ಸಿ5
5. ಎ3, ಒಂ ಎ5
6. ಬಿ4, ಸಿ×ಡಿ4
7. ರಾಣಿ ಜಿ4, ಕು ಇ7
8. ಬಿ×ಎ5, ಡಿ×ಸಿ3
9. ರಾಣಿ×ಜಿ7, ಆ ಜಿ8
10. ರಾಣಿ×ಎಚ್7, ಕು ಸಿ6 (ಬಿ8ರ ಕುದುರೆ)
11. ಕು ಎಫ್3, ರಾಣಿ ಸಿ7
12. ಒಂ ಬಿ5, ಒಂ ಡಿ7
13. 0-0, 0-0-0
14. ಒಂ ಜಿ5, ಕು×ಇ5
15. ಕು×ಇ5, ಒಂ×ಬಿ5
16. ಕು×ಎಫ್7, ಒಂ×ಎಫ್1
17. ಕು×ಡಿ8, ಆ×ಜಿ5
18. ಕು×ಇ6, ಆ×ಜಿ2+
19. ರಾ ಎಚ್1, ರಾಣಿ ಇ5
20. ಆ×ಎಫ್1, ರಾಣಿ×ಇ6
21. ರಾ×ಜಿ2, ರಾಣಿ ಜಿ4+

ಡ್ರಾ.

ಆರಂಭ: ಎರಡೂ ಕಡೆ ಕತ್ತಿ

1. ಇ4ಗೆ ಇ6 ಎಂಬ ಉತ್ತರ ಫ್ರೆಂಚ್ ರಕ್ಷಣೆ. ಮೂರನೆಯ ನಡೆಯಲ್ಲಿ ಕಪ್ಪು ಒಂಟೆ ಬಿ4ಕ್ಕೆ ಬಂದು ಬಿಳಿ ಕುದುರೆಯನ್ನು ಕಟ್ಟಿಹಾಕುವ ಕವಲಿಗೆ ವಿನಾವೆರ್ ಎಂದು ಹೆಸರು. ಫ್ರೆಂಚ್ ರಕ್ಷಣೆಯಲ್ಲೇ ಇದು ಬಹಳ ಒರಟು ದಾರಿ.

5. ಎ3 ಎಂದು ಬಿಳಿ ಒಂಟೆಯನ್ನು ಕೇಳಿದಾಗ ಹೆಚ್ಚಿನವರು ಸಿ3ರ ಕುದುರೆಯನ್ನು ಹೊಡೆದುಬಿಡುತ್ತಾರೆ. ತಾಲ್ ಒಂಟೆಯನ್ನು ಎ5ಕ್ಕೆ ಸರಿಸಿದರು. ಇದು ಅವರು ಕಂಡುಹಿಡಿದದ್ದಲ್ಲ. 1954ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೋತ್ವಿನ್ನಿಕ್ ಇದೇ ದಾರಿಯನ್ನು ವಾಸಿಲಿ ಸ್ಮಿಸ್ಲೊವ್ ಎದುರು ಬಳಸಿದ್ದರು. ಆ ಸರಣಿಯ ಒಂಬತ್ತನೆಯ ಆಟದಲ್ಲಿ ಸ್ಮಿಸ್ಲೊವ್ ರಾಣಿಯನ್ನೇ ಬಲಿಕೊಟ್ಟು 25 ನಡೆಗಳಲ್ಲಿ ಗೆದ್ದದ್ದು ಚೆಸ್ ಓದಿದವರಿಗೆಲ್ಲ ನೆನಪಿರುವ ಆಟ. ಅಂಥ ದಾರಿಯನ್ನು ತಾಲ್ ಮತ್ತೆ ಹಿಡಿದರು.

6ನೆಯ ನಡೆ ಮುಗಿದಾಗ ಮಣೆಯನ್ನು ನೋಡಿ. ಬಿಳಿಯ ಬಿ4 ಕಾಲಾಳು ಕಪ್ಪು ಒಂಟೆಯನ್ನು ಹೊಡೆಯಲು ನಿಂತಿದೆ. ಕಪ್ಪಿನ ಡಿ4 ಕಾಲಾಳು ಬಿಳಿ ಕುದುರೆಯನ್ನು ಹೊಡೆಯಲು ನಿಂತಿದೆ. ಫಿಶರ್ ಹೊಡೆಯಲೂ ಇಲ್ಲ, ಕುದುರೆಯನ್ನು ತಪ್ಪಿಸಲೂ ಇಲ್ಲ. ರಾಣಿಯನ್ನು ಜಿ4ಕ್ಕೆ ಕಳಿಸಿ ಜಿ7ರ ಕಾಲಾಳಿಗೆ ಗುರಿಯಿಟ್ಟರು. ಮುಂದಿನ ನಡೆಯಲ್ಲಿ ಒಂಟೆಗೆ ಕುದುರೆ ವಿನಿಮಯವಾಯಿತು. ಬಿಳಿ ರಾಣಿ ಜಿ7, ಎಚ್7 ಎರಡು ಕಾಲಾಳುಗಳನ್ನು ನುಂಗಿತು.

ಇಲ್ಲಿ ಒಂದು ಸ್ವಾರಸ್ಯವಿದೆ. ಅದೇ ವರ್ಷದ ಮಾರ್ಚ್‌ನಲ್ಲಿ ಬೋತ್ವಿನ್ನಿಕ್ ವಿರುದ್ಧದ ಸರಣಿಯ ಮೊದಲನೆಯ ಆಟದಲ್ಲಿ ಬಿಳಿ ಕಾಯಿ ಹಿಡಿದ ತಾಲ್ ವಿನಾವೆರ್ ಕವಲಿನಲ್ಲೇ ರಾಣಿಯನ್ನು ಕಳಿಸಿ ಇದೇ ಎರಡು ಕಾಲಾಳುಗಳನ್ನು ತಿಂದಿದ್ದರು, ಆ ಆಟ ಗೆದ್ದಿದ್ದರು. ಈಗ ಅದೇ ಕೊಳ್ಳೆಯನ್ನು ಅವರು ಆಚೆ ಬದಿಯಲ್ಲಿ ಕೂತು ನೋಡಬೇಕಾಯಿತು.

ಆದರೆ ಕೊಳ್ಳೆಗೂ ಬೆಲೆಯಿದೆ. ಜಿ ಸಾಲಿನಿಂದ ಕಪ್ಪು ಕಾಲಾಳು ಹೋದಕೂಡಲೇ ಜಿ8ಕ್ಕೆ ಬಂದ ಕಪ್ಪು ಆನೆಗೆ ನೇರ ದಾರಿ ಸಿಕ್ಕಿತು. ಆ ದಾರಿಯ ತುದಿಯಲ್ಲಿ ಜಿ2, ಅದರ ಹಿಂದೆ ಬಿಳಿ ರಾಜ ಹೋಗಿ ಕೂರಬೇಕಾದ ಮನೆ. ಫಿಶರ್ ತೆರೆದ ಬಾಗಿಲಿನಿಂದಲೇ ಮುಂದೆ ಅವರ ಮೇಲೆ ದಾಳಿ ಬರುತ್ತದೆ. ಇದನ್ನು ನೆನಪಿಟ್ಟುಕೊಂಡರೆ ಉಳಿದ ಆಟ ಸುಲಭವಾಗಿ ತಿಳಿಯುತ್ತದೆ.

ನಡುವಿನ ಹಂತ: ಬಿರುಗಾಳಿಗೆ ಮುಂಚೆ

11ನೆಯ ನಡೆಯಲ್ಲಿ ಕಪ್ಪು ರಾಣಿ ಸಿ7ಕ್ಕೆ ಬಂತು. ಈಗ ಇ5ರ ಬಿಳಿ ಕಾಲಾಳಿನ ಮೇಲೆ ರಾಣಿ ಮತ್ತು ಸಿ6 ಕುದುರೆ ಎರಡೂ ಕಣ್ಣಿಟ್ಟಿವೆ. ಫಿಶರ್ ಒಂಟೆಯನ್ನು ಬಿ5ಕ್ಕೆ ತಂದರು. ಸಿ6 ಕುದುರೆಯ ಹಿಂದೆ ಕಪ್ಪು ರಾಜ ಇರುವುದರಿಂದ ಕುದುರೆ ಕದಲುವಂತಿಲ್ಲ. ತಾಲ್ ಒಂಟೆಯನ್ನು ಡಿ7ಕ್ಕೆ ಅಡ್ಡ ತಂದು ಕಟ್ಟು ಬಿಡಿಸಿದರು.

13ನೆಯ ನಡೆಯಲ್ಲಿ ಇಬ್ಬರೂ ಕ್ಯಾಸಲಿಂಗ್ ಮಾಡಿದರು, ಎದುರು ಬದಿಗಳಿಗೆ. ಫಿಶರ್‌ನ ರಾಜ ಜಿ1ಕ್ಕೆ, ಅಂದರೆ ಕಪ್ಪು ಆನೆ ಕಾದು ಕುಳಿತ ಸಾಲಿಗೇ ಹೋಯಿತು. ತಾಲ್‌ನ ರಾಜ ಸಿ8ಕ್ಕೆ. ಲೆಕ್ಕ ನೋಡಿದರೆ ದೊಡ್ಡ ಕಾಯಿಗಳು ಸರಿಸಮ, ಕಾಲಾಳುಗಳಲ್ಲಿ ಬಿಳಿಗೆ 7, ಕಪ್ಪಿಗೆ 6. ಆ ಒಂದು ಕಾಲಾಳಿಗೆ ಬದಲಾಗಿ ಕಪ್ಪಿಗೆ ತೆರೆದ ಸಾಲು ಮತ್ತು ಚುರುಕಾದ ಕಾಯಿಗಳು.

14. ಒಂ ಜಿ5 ನೋಡಲು ಬಹಳ ಸಹಜವಾದ ನಡೆ. ಕೊನೆಯ ಕಾಯಿಯೂ ಹೊರಬಂತು, ಇ7 ಕುದುರೆಯ ಮೇಲೆ ಒತ್ತಡ ಬಿತ್ತು, ಜಿ ಸಾಲಿಗೂ ಅಡ್ಡವಾಯಿತು. ಇನ್ನು ಬಿಳಿ ತನ್ನ ಕಾಲಾಳನ್ನು ಭದ್ರಮಾಡಿಕೊಂಡು ನಿಧಾನವಾಗಿ ಗೆಲ್ಲಬಹುದು ಎನಿಸುತ್ತದೆ.

14ರಿಂದ 21: ಹನ್ನೆರಡು ಹೊಡೆತ

ತಾಲ್ ಸಿ6 ಕುದುರೆಯಿಂದ ಇ5ರ ಕಾಲಾಳನ್ನು ಹೊಡೆದರು. ಆ ಕಾಲಾಳಿಗೆ ಬಿಳಿ ಕುದುರೆಯ ಕಾವಲಿತ್ತು. ಆದರೂ ಹೊಡೆದದ್ದು ಏಕೆ? ಕುದುರೆ ಪಕ್ಕಕ್ಕೆ ಸರಿದಕೂಡಲೇ ಡಿ7 ಒಂಟೆಯ ದಾರಿ ತೆರೆದು ಬಿ5ರ ಬಿಳಿ ಒಂಟೆ ಗುರಿಗೆ ಸಿಕ್ಕಿತು. ಫಿಶರ್ ಕುದುರೆಯನ್ನು ಹೊಡೆದರು, ತಾಲ್ ಒಂಟೆಯನ್ನು ಹೊಡೆದರು.

ಈಗ ಕಪ್ಪು ಒಂಟೆ ಬಿ5ರಿಂದ ಎಫ್1ರ ಬಿಳಿ ಆನೆಯನ್ನು ನೋಡುತ್ತಿದೆ. ಕಪ್ಪು ರಾಣಿ ಇ5ರ ಬಿಳಿ ಕುದುರೆಯನ್ನು ನೋಡುತ್ತಿದೆ. ಫಿಶರ್ ಯಾವುದನ್ನೂ ಕಾಪಾಡಲು ಹೋಗಲಿಲ್ಲ. ಕುದುರೆಯಿಂದ ಎಫ್7ರ ಕಾಲಾಳನ್ನು ಹೊಡೆದು ಡಿ8ರ ಆನೆಗೆ ಗುರಿಯಿಟ್ಟರು. ತಾಲ್ ಎಫ್1ರ ಆನೆಯನ್ನು ಹೊಡೆದರು, ಫಿಶರ್ ಡಿ8ರ ಆನೆಯನ್ನು ಹೊಡೆದರು.

17ನೆಯ ನಡೆಯಲ್ಲಿ ಕಪ್ಪಿನ ಸ್ಥಿತಿ ಸೂಕ್ಷ್ಮ. ಡಿ8ರ ಕುದುರೆಯನ್ನು ರಾಜನಿಂದ ಹೊಡೆಯೋಣ ಎಂದರೆ ಕೆಟ್ಟಂತೆ. ರಾಜ ಡಿ8ಕ್ಕೆ ಬಂದಾಗ ಜಿ5ರ ಬಿಳಿ ಒಂಟೆ ಇ7 ಕುದುರೆಯನ್ನು ರಾಜನಿಗೆ ಕಟ್ಟಿಹಾಕುತ್ತದೆ. ಜಿ8ರ ಆನೆಯನ್ನು ಕಾಯುತ್ತಿದ್ದದ್ದು ಆ ಕುದುರೆಯೇ. ಕಟ್ಟಿದ ಕುದುರೆ ಕಾಯಲಾರದು, ಬಿಳಿ ರಾಣಿ ಆನೆಯನ್ನು ಚೆಕ್ ಸಮೇತ ಪುಕ್ಕಟೆ ತಿನ್ನುತ್ತದೆ. ತಾಲ್ ಡಿ8 ಕುದುರೆಯನ್ನು ಅಲ್ಲೇ ಬಿಟ್ಟು, ಆನೆಯಿಂದ ಜಿ5ರ ಒಂಟೆಯನ್ನು ಹೊಡೆದರು. ಕಟ್ಟು ಹಾಕುವ ಕಾಯಿಯೇ ಹೋಯಿತು, ಜಿ ಸಾಲಿನ ಅಡ್ಡವೂ ಹೋಯಿತು.

18. ಕು×ಇ6. ಬಿಳಿ ಕುದುರೆ ಇನ್ನೂ ಒಂದು ಕಾಲಾಳನ್ನು ತಿಂದು ರಾಣಿ ಮತ್ತು ಆನೆ ಎರಡಕ್ಕೂ ಒಟ್ಟಿಗೆ ಗುರಿಯಿಟ್ಟಿತು. ಸಾಮಾನ್ಯ ಆಟಗಾರ ಇಲ್ಲಿ ಕೈಚೆಲ್ಲುತ್ತಾನೆ. ತಾಲ್ ಆನೆಯಿಂದ ಜಿ2ರ ಕಾಲಾಳನ್ನು ಹೊಡೆದು ಚೆಕ್ ಕೊಟ್ಟರು. ಎಫ್1ರಲ್ಲಿರುವ ಕಪ್ಪು ಒಂಟೆ ಜಿ2ನ್ನು ಕಾಯುತ್ತಿರುವುದರಿಂದ ರಾಜ ಆನೆಯನ್ನು ಹೊಡೆಯುವಂತಿಲ್ಲ.

ಈಗ ಫಿಶರ್‌ಗೆ ಇರುವುದು ಎರಡೇ ನಡೆ. ಒಂದು, ರಾಜನಿಂದ ಎಫ್1ರ ಒಂಟೆಯನ್ನು ಹೊಡೆಯುವುದು. ಇನ್ನೊಂದು, ಎಚ್1ಕ್ಕೆ ಸರಿಯುವುದು. ಒಂಟೆ ಬಿಟ್ಟಿ ಸಿಗುವಾಗ ಕೈ ತಾನಾಗಿ ಅತ್ತ ಹೋಗುತ್ತದೆ. ಆದರೆ ಅದು ಬಲೆ. 19. ರಾ×ಎಫ್1 ಆಡಿದ್ದರೆ 19… ಆ×ಎಚ್2 ಎಂಬ ಉತ್ತರ ಸಿದ್ಧವಿತ್ತು. ಆನೆಯನ್ನು ಬಿಳಿ ರಾಣಿ ಹೊಡೆದರೆ ಕಪ್ಪು ರಾಣಿ ಆ ರಾಣಿಯನ್ನು ಹೊಡೆಯುತ್ತದೆ. ಅದರ ಬದಲು ಬಿಳಿ ಕುದುರೆ ಸಿ7ರ ರಾಣಿಯನ್ನು ಹೊಡೆದರೆ ಕಪ್ಪು ಆನೆ ಎಚ್7ರ ರಾಣಿಯನ್ನು ಹೊಡೆಯುತ್ತದೆ. ಆಮೇಲೆ ಸಿ7ರ ಕುದುರೆಗೆ ಕಪ್ಪು ರಾಜನ ಬೆದರಿಕೆ. ಕುದುರೆ ತಪ್ಪಿಸಿಕೊಂಡರೆ ಆನೆ ಎಚ್1ಕ್ಕೆ ಇಳಿದು ಚೆಕ್ ಕೊಟ್ಟು ಎ1ರ ಬಿಳಿ ಆನೆಯನ್ನು ಕಿತ್ತುಕೊಳ್ಳುತ್ತದೆ. ಒಂದನ್ನು ಉಳಿಸಿದರೆ ಇನ್ನೊಂದು ಹೋಗುತ್ತದೆ.

ಫಿಶರ್ ಬಲೆಯನ್ನು ಕಂಡರು. 19. ರಾ ಎಚ್1. ಕಪ್ಪು ರಾಣಿಯ ಮೇಲೆ ಕುದುರೆಯ ಬೆದರಿಕೆ ಹಾಗೇ ಇದೆ, ಎಫ್1ರ ಒಂಟೆಯ ಮೇಲೆ ಎ1 ಆನೆಯ ಬೆದರಿಕೆಯೂ ಇದೆ. ತಾಲ್ ರಾಣಿಯನ್ನು ಇ5ಕ್ಕೆ ತಂದರು. ಅದು ತಪ್ಪಿಸಿಕೊಳ್ಳುವ ನಡೆ ಮಾತ್ರವಲ್ಲ. ಅಲ್ಲಿಂದ ಇ6 ಕುದುರೆಗೂ ಗುರಿ, ಆನೆಯ ಜೊತೆಗೂಡಿ ಎಚ್2 ಕಾಲಾಳಿಗೂ ಗುರಿ. ಫಿಶರ್ ಒಂಟೆಯನ್ನು ಹೊಡೆದರು, ತಾಲ್ ಕುದುರೆಯನ್ನು ಹೊಡೆದರು. ಒಂಟೆ ಹೋದಮೇಲೆ ಜಿ2 ಆನೆಗೆ ಕಾವಲಿಲ್ಲ, ಫಿಶರ್ ರಾಜನಿಂದ ಅದನ್ನೂ ಹೊಡೆದರು.

ತಾಲ್‌ನ 14ನೆಯ ನಡೆಯಿಂದ ಫಿಶರ್‌ನ 21ನೆಯ ನಡೆಯವರೆಗೆ ಇಬ್ಬರದೂ ಸೇರಿ 14 ಬಾರಿ ಕಾಯಿ ಎತ್ತಿಡಲಾಗಿದೆ. ಅದರಲ್ಲಿ 12 ಬಾರಿ ಹೊಡೆತ. ಹೊಡೆತವಲ್ಲದ್ದು ರಾಜ ಎಚ್1, ರಾಣಿ ಇ5 ಎರಡೇ. ಇಡೀ ಆಟದ ಅತ್ಯಂತ ಕಷ್ಟದ ನಡೆಗಳೂ ಆ ಎರಡೇ ಎನ್ನಬಹುದು. ಎಲ್ಲರೂ ಕತ್ತಿ ಬೀಸುತ್ತಿರುವಾಗ ಒಂದು ಹೆಜ್ಜೆ ಪಕ್ಕಕ್ಕೆ ಸರಿಯುವುದು ಸುಲಭವಲ್ಲ.

ಕೊನೆ: ನಿಲ್ಲದ ಚೆಕ್

ಹೊಗೆ ಆರಿದಾಗ ಬಿಳಿಗೆ ರಾಣಿ, ಆನೆ, 5 ಕಾಲಾಳು. ಕಪ್ಪಿಗೆ ರಾಣಿ, ಕುದುರೆ, 4 ಕಾಲಾಳು. ಕಾಯಿ ಲೆಕ್ಕದಲ್ಲಿ ಫಿಶರ್ ಮುಂದೆ. ಜೊತೆಗೆ ಎಚ್7ರ ಬಿಳಿ ರಾಣಿ ಇ7 ಕುದುರೆಯನ್ನು ತಿನ್ನಲು ಕಾದಿದೆ. ಒಂದೇ ಒಂದು ನಡೆಯ ಬಿಡುವು ಸಿಕ್ಕಿದರೆ ಫಿಶರ್ ಗೆದ್ದಂತೆ.

ಆ ಬಿಡುವು ಸಿಗಲಿಲ್ಲ. 21… ರಾಣಿ ಜಿ4 ಚೆಕ್. ರಾಜ ಎಚ್1ಕ್ಕೆ ಹೋಗಲೇಬೇಕು, ಬೇರೆ ಮನೆಯಿಲ್ಲ. ಆಗ ರಾಣಿ ಎಫ್3 ಚೆಕ್. ರಾಜ ಜಿ1ಕ್ಕೆ ಬರಲೇಬೇಕು. ಆಗ ಮತ್ತೆ ರಾಣಿ ಜಿ4 ಚೆಕ್. ಅಡ್ಡ ಹಾಕಲು ಒಂದು ಕಾಯಿಯೂ ಹತ್ತಿರದಲ್ಲಿಲ್ಲ, ಏಕೆಂದರೆ ಬಿಳಿ ರಾಣಿ ದೂರದ ಎಚ್7ರಲ್ಲಿದೆ. ಹತ್ತನೆಯ ನಡೆಯಲ್ಲಿ ಕಾಲಾಳು ತಿನ್ನಲು ಹೋದ ರಾಣಿ ಕೊನೆಯವರೆಗೂ ಅಲ್ಲೇ ಉಳಿಯಿತು. ತಾಲ್‌ಗೂ ಬೇರೆ ದಾರಿಯಿಲ್ಲ. ಚೆಕ್ ನಿಲ್ಲಿಸಿದರೆ ಅವರ ಕುದುರೆ ಹೋಗುತ್ತದೆ, ಆಟವೂ ಹೋಗುತ್ತದೆ.

ಇದಕ್ಕೆ ನಿರಂತರ ಚೆಕ್ ಎನ್ನುತ್ತಾರೆ. ಸ್ಪರ್ಧೆ ನಡೆಸುವವರು ಒಂದು ವಿಷಯ ತಿಳಿದಿರಬೇಕು. ನಿರಂತರ ಚೆಕ್ ಎಂಬ ಪ್ರತ್ಯೇಕ ನಿಯಮ ಈಗಿನ ನಿಯಮಾವಳಿಯಲ್ಲಿಲ್ಲ. ಒಂದೇ ಸ್ಥಿತಿ, ಅದೇ ಆಟಗಾರನ ಸರದಿಯೊಂದಿಗೆ ಮೂರು ಬಾರಿ ಬಂದರೆ ಡ್ರಾ ಕೇಳಬಹುದು ಎಂಬ ನಿಯಮದಿಂದ ಅದು ಡ್ರಾ ಆಗುತ್ತದೆ. ಅಥವಾ ಮುಂದೇನು ಎಂಬುದು ಇಬ್ಬರಿಗೂ ಕಾಣುವುದರಿಂದ ಅದಕ್ಕೆ ಮೊದಲೇ ಒಪ್ಪಿಕೊಳ್ಳುತ್ತಾರೆ. ಲೈಪ್‌ಜಿಗ್‌ನಲ್ಲಿ ಆಟ ಇಲ್ಲಿಗೇ ಮುಗಿಯಿತು.

ಫಿಶರ್ ಗೆಲ್ಲಬಹುದಿತ್ತೇ?

1969ರಲ್ಲಿ ಪ್ರಕಟವಾದ ‘ಮೈ 60 ಮೆಮೊರಬಲ್ ಗೇಮ್ಸ್’ ಪುಸ್ತಕದಲ್ಲಿ ಫಿಶರ್ ತಮ್ಮ 60 ಆಟಗಳನ್ನು ಆರಿಸಿ ವಿವರಿಸಿದ್ದಾರೆ. ಗೆದ್ದ ಆಟಗಳನ್ನಷ್ಟೇ ಹಾಕಿಕೊಳ್ಳದೆ 9 ಡ್ರಾಗಳನ್ನೂ 3 ಸೋಲುಗಳನ್ನೂ ಸೇರಿಸಿದ್ದು ಆ ಪುಸ್ತಕದ ದೊಡ್ಡತನ. ಈ ಆಟವೂ ಅದರಲ್ಲಿದೆ. 14ನೆಯ ನಡೆಯಲ್ಲಿ ಒಂಟೆಯನ್ನು ಜಿ5ಕ್ಕೆ ತರುವ ಬದಲು ಬಿ5ರ ಒಂಟೆಯಿಂದ ಸಿ6 ಕುದುರೆಯನ್ನು ಹೊಡೆಯಬೇಕಿತ್ತು ಎಂದು ಅವರು ತಮ್ಮ ತಪ್ಪನ್ನು ತಾವೇ ತೋರಿಸಿಕೊಂಡಿದ್ದಾರೆ. ಸಿ6 ಕುದುರೆ ಇಲ್ಲದಿದ್ದರೆ ತಾಲ್‌ಗೆ ಆ ಮೊದಲ ಹೊಡೆತವೇ ಇರುತ್ತಿರಲಿಲ್ಲ.

ಆ ದಾರಿಯೂ ಮುಳ್ಳಿಲ್ಲದ್ದಲ್ಲ. 14. ಒಂ×ಸಿ6, ಒಂ×ಸಿ6 15. ರಾಣಿ×ಎಫ್7, ಡಿ4 16. ರಾಣಿ×ಇ6+, ಒಂ ಡಿ7 ಆದಮೇಲೆ ಬಿಳಿ ರಾಣಿ ಇ7 ಕುದುರೆಯನ್ನೂ ತಿಂದರೆ 17… ಆ×ಜಿ2+ 18. ರಾ×ಜಿ2, ಒಂ ಎಚ್3+ ಬರುತ್ತದೆ. ಒಂಟೆ ಸರಿದಾಗ ಏಳನೆಯ ಅಡ್ಡಸಾಲು ತೆರೆದು, ಸಿ7ರ ಕಪ್ಪು ರಾಣಿ ಇ7ರ ಬಿಳಿ ರಾಣಿಯನ್ನು ಹೊಡೆಯುತ್ತದೆ. ಗೆಲ್ಲುವ ದಾರಿಯಲ್ಲೂ ತಾಲ್ ಒಂದು ಗುಂಡಿ ತೋಡಿಯೇ ಇಟ್ಟಿರುತ್ತಿದ್ದರು.

ಆಮೇಲೆ ಏನಾಯಿತು

ಅರ್ಧ ಅಂಕದ ಬೆಲೆ ಮುಂದಿನ ಎರಡು ವರ್ಷಗಳಲ್ಲಿ ಗೊತ್ತಾಯಿತು. ನಾಲ್ಕು ಸೋಲುಗಳ ನಂತರ ಫಿಶರ್ ತಾಲ್ ಎದುರು ಸೋಲದೆ ಎದ್ದ ಮೊದಲ ಆಟ ಇದು. 1961ರಲ್ಲಿ ಬ್ಲೆಡ್‌ನಲ್ಲಿ ಅವರು ಮೊದಲ ಬಾರಿಗೆ ತಾಲ್‌ರನ್ನು ಸೋಲಿಸಿದರು. ಆ ಪಂದ್ಯಾವಳಿಯಲ್ಲಿ ಮೊದಲ ಸ್ಥಾನ ಮಾತ್ರ ತಾಲ್‌ಗೇ, ಒಂದು ಆಟವನ್ನೂ ಸೋಲದ ಫಿಶರ್‌ಗೆ ಎರಡನೆಯದು. 1962ರ ಕ್ಯುರಸಾವ್ ಕ್ಯಾಂಡಿಡೇಟ್ಸ್‌ನಲ್ಲಿ ಇಬ್ಬರ ನಡುವೆ ಫಿಶರ್‌ಗೆ ಒಂದು ಗೆಲುವು, ಎರಡು ಡ್ರಾ. ಗಂಭೀರ ಪಂದ್ಯಗಳಲ್ಲಿ ಇಬ್ಬರೂ ಆಡಿದ್ದು ಒಟ್ಟು 11 ಬಾರಿ: ತಾಲ್ 4, ಫಿಶರ್ 2, ಡ್ರಾ 5. ಲೈಪ್‌ಜಿಗ್‌ನ ನಂತರ ತಾಲ್ ಒಮ್ಮೆಯೂ ಗೆಲ್ಲಲಿಲ್ಲ.

ತಾಲ್‌ಗೆ ಲೈಪ್‌ಜಿಗ್‌ನಲ್ಲೇ ಇಂಗ್ಲೆಂಡಿನ ಜೊನಾಥನ್ ಪೆನ್ರೋಸ್ ಎದುರು ಸೋಲಾಯಿತು. ಮರುವರ್ಷ ಮರುಪಂದ್ಯದಲ್ಲಿ ಪಟ್ಟ ಬೋತ್ವಿನ್ನಿಕ್‌ಗೆ ಮರಳಿತು. ಮೂತ್ರಪಿಂಡದ ಕಾಯಿಲೆ ಅವರನ್ನು ಬಹುಕಾಲ ಕಾಡಿತು. ಕ್ಯುರಸಾವ್‌ನಲ್ಲಿ ಪಂದ್ಯಾವಳಿಯನ್ನು ಅರ್ಧಕ್ಕೇ ಬಿಟ್ಟು ಆಸ್ಪತ್ರೆ ಸೇರಬೇಕಾಯಿತು. ಅಲ್ಲಿಗೆ ಫಿಶರ್ ಹೋಗಿ ಹಾಸಿಗೆಯ ಪಕ್ಕ ಕುಳಿತು ತಾಲ್ ಜೊತೆ ಚೆಸ್ ಆಡಿದರು. ಆ ಭೇಟಿಯ ಚಿತ್ರ ಇಂದಿಗೂ ನೋಡಲು ಸಿಗುತ್ತದೆ. ಫಿಶರ್ 1972ರಲ್ಲಿ ರೇಕ್ಯಾವಿಕ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ತಾಲ್ 1992ರಲ್ಲಿ ಮಾಸ್ಕೋದಲ್ಲಿ, ಫಿಶರ್ 2008ರಲ್ಲಿ ರೇಕ್ಯಾವಿಕ್‌ನಲ್ಲಿ ತೀರಿಕೊಂಡರು.

ಮನೆಯಲ್ಲಿ, ಸಂಘದಲ್ಲಿ ಆಡಿ ನೋಡುವವರಿಗೆ

ಮೇಲಿನ ದಾಖಲೆಯನ್ನು ಮಣೆಯ ಮೇಲೆ ಇಟ್ಟು ಆಡಿದರೆ ಹತ್ತು ನಿಮಿಷದ ಕೆಲಸ. ಮಕ್ಕಳೊಂದಿಗೆ ಆಡುವುದಾದರೆ ಮೂರು ಕಡೆ ನಿಲ್ಲಿಸಿ ಕೇಳಿ.

ಒಂದು, 17ನೆಯ ನಡೆಯಲ್ಲಿ ಬಿಳಿ ಡಿ8ರ ಆನೆಯನ್ನು ಹೊಡೆದಮೇಲೆ: ಕಪ್ಪು ರಾಜ ಆ ಕುದುರೆಯನ್ನು ಏಕೆ ಹೊಡೆಯಬಾರದು?

ಎರಡು, 18ನೆಯ ನಡೆಯ ಚೆಕ್ ಆದಮೇಲೆ: ಒಂಟೆ ಬಿಟ್ಟಿ ಇದೆ, ಹೊಡೆಯಲೋ ಬೇಡವೋ?

ಮೂರು, ಕೊನೆಯ ಚೆಕ್ ಆದಮೇಲೆ: ಬಿಳಿ ರಾಜನಿಗೆ ಎಲ್ಲಿಯಾದರೂ ತಪ್ಪಿಸಿಕೊಳ್ಳುವ ಮನೆ ಇದೆಯೇ?

ಉತ್ತರ ಹೇಳಿಕೊಡುವ ಮುನ್ನ ಅವರೇ ಕಾಯಿ ಸರಿಸಿ ನೋಡಲಿ. ತೇರು ಎನ್ನುವ ಮಗು ತೇರು ಎನ್ನಲಿ, ಆನೆ ಎನ್ನುವುದು ಆನೆ ಎನ್ನಲಿ, ಮನೆಯ ಗುರುತು ಸರಿಯಿದ್ದರೆ ಸಾಕು.

ಮಕ್ಕಳ ಸ್ಪರ್ಧೆಗಳಲ್ಲಿ ಡ್ರಾ ಮಾಡಿಕೊಂಡು ಬಂದ ಮಗುವನ್ನು “ಗೆಲ್ಲಲಿಲ್ಲವಾ?” ಎಂದು ಕೇಳುವ ಹಿರಿಯರು ಇರುತ್ತಾರೆ. ಮುಂದಿನ ಸಲ ಹಾಗೆ ಕೇಳುವ ಮೊದಲು ಅದು ಬರೆದುಕೊಂಡು ಬಂದ ನಡೆಗಳ ಹಾಳೆಯನ್ನು ಒಮ್ಮೆ ಈಸಿಕೊಂಡು ನೋಡಿ. ತನಗಿಂತ ಬಲವಾದವರ ಎದುರು ಹೆದರಿ ಮೂಲೆ ಸೇರದೆ, ಕೊನೆಯ ನಡೆಯವರೆಗೆ ಲೆಕ್ಕ ತಪ್ಪದೆ ತಂದ ಅರ್ಧ ಅಂಕವಾಗಿದ್ದರೆ, ಅದು ಹದಿನೇಳರ ಫಿಶರ್ ಲೈಪ್‌ಜಿಗ್‌ನಿಂದ ತಂದ ಅರ್ಧ ಅಂಕದ ಜಾತಿಯದೇ.